ಬಹುಕರ್ತೃಕ ಚರಿತಲೇಖನ: ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರ ಜೀವನವೃತ್ತಾಂತವೂ ವಿಶ್ವಕೋಶಸಂಪಾದನೆಯ ಧರ್ಮವೂ

ಕೋಶವೆಂಬ ಶಬ್ದಕ್ಕೆ ಭಂಡಾರವೆಂದೂ, ಹೊದಿಕೆಯೆಂದೂ, ಶಬ್ದಸಂಗ್ರಹವೆಂದೂ ಅರ್ಥಗಳುಂಟು. ಈ ದೇಶದಲ್ಲಿ ಕೋಶಗಳು ಬಹುಕಾಲದಿಂದಲೂ ಒಬ್ಬೊಬ್ಬ ಕರ್ತೃವಿನ ಹೆಸರಿನಿಂದಲೇ ಪ್ರಸಿದ್ಧಿಗೆ ಬಂದಿವೆ. ಅಮರನ ಕೋಶವು ಅಮರಕೋಶವೆನಿಸಿತು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವಾಗಲಿ, ಹದಿನೆಂಟನೆಯ ಶತಮಾನದ ಆದಿಯಲ್ಲಿ ಕೆಳದಿಯ ಬಸವರಾಜನ ಹೆಸರಿನಲ್ಲಿ ಹೊರಟ ಶಿವತತ್ತ್ವರತ್ನಾಕರವಾಗಲಿ ಸಕಲವಿದ್ಯಾಸಂಗ್ರಹರೂಪವಾದ ಗ್ರಂಥಗಳು. ಗಜಶಾಸ್ತ್ರದಿಂದ ಪಾಕಶಾಸ್ತ್ರದವರೆಗೆ ಒಬ್ಬನೇ ಅರಸನು ಪ್ರಮಾಣಪುರುಷನಾಗಿದ್ದನೆಂದು ನಂಬುವುದು ಕಷ್ಟ. ಆಸ್ಥಾನದ ಅನೇಕ ವಿದ್ವಾಂಸರ ಕೈಗಳು ಅಲ್ಲಿ ದುಡಿದಿರಬೇಕೆಂದು ಊಹಿಸುವುದೇ ಯುಕ್ತವಾಗಿದೆ. ಆದರೆ ಆ ಕೈಗಳ ಗುರುತು ಉಳಿದಿಲ್ಲ. ಅರಸನ ಹೆಸರೊಂದೇ ಉಳಿದಿದೆ.

ಇದಕ್ಕೆ ತೀರ ವಿಪರೀತವಾದ ಒಂದು ಪದ್ಧತಿಯು ಈ ಶತಮಾನದ ಆರಂಭದಲ್ಲಿ ಹುಟ್ಟಿತು. 2001ರ ಜನವರಿಯಲ್ಲಿ ಆಂಗ್ಲಭಾಷೆಯಲ್ಲಿಯೂ, 2003ರ ಜೂನ್ ತಿಂಗಳಲ್ಲಿ ಕನ್ನಡದಲ್ಲಿಯೂ ಆರಂಭವಾದ ವಿಕಿಪೀಡಿಯವೆಂಬ ಅಂತರ್ಜಾಲದ ವಿಶ್ವಕೋಶದಲ್ಲಿ ಪ್ರಧಾನಕರ್ತೃವೆಂಬುವನೇ ಇಲ್ಲ. ಯಾರು ಬೇಕಾದರೂ ಲೇಖನವನ್ನು ಆರಂಭಿಸಬಹುದು, ಯಾರು ಬೇಕಾದರೂ ತಿದ್ದಬಹುದು. ಆದರೆ ಪ್ರತಿಯೊಂದು ತಿದ್ದುಪಡಿಯೂ, ಅದನ್ನು ಮಾಡಿದವರ ಗುರುತು, ದಿನ, ಗಳಿಗೆಗಳೊಡನೆ ಲೇಖನದ ಬೆನ್ನಿಗೆ ದಾಖಲಾಗಿ ಉಳಿಯುತ್ತದೆ. ಬೇಕೆಂದಾಗ ಹಿಂದಿನ ಯಾವ ಪಾಠವನ್ನಾದರೂ ತೆಗೆದು ಓದಬಹುದು. ಮಾನಸೋಲ್ಲಾಸದಲ್ಲಿ ಹೆಸರು ಉಳಿದು ಕೈಗಳು ಮರೆಯಾದವು. ಇಲ್ಲಿ ಕೈಗಳೆಲ್ಲವೂ ಉಳಿದು ಕರ್ತೃವೆಂಬ ಹೆಸರು ಮರೆಯಾಯಿತು. ಈ ಪದ್ಧತಿಯಲ್ಲಿ ಒಬ್ಬ ವಿದ್ವಾಂಸನ ಚರಿತ್ರೆಯು ಹೇಗೆ ರೂಪುಗೊಳ್ಳುತ್ತದೆ, ಅದರಲ್ಲಿ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ಒಂದು ನಿದರ್ಶನದಿಂದ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ನಿದರ್ಶನಕ್ಕೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರನ್ನು ಆರಿಸಿಕೊಂಡಿದೆ.

ವಿಷಯಕ್ಕೆ ಬರುವ ಮುನ್ನ ಬಹುಕರ್ತೃಕತ್ವವು ಕನ್ನಡಕ್ಕೆ ಹೊಸತಲ್ಲವೆಂಬುದನ್ನು ಹೇಳಬೇಕಾಗಿದೆ. ಶೂನ್ಯಸಂಪಾದನೆಯೇ ಇದಕ್ಕೆ ಸಾಕ್ಷಿ. ಅಲ್ಲಮಪ್ರಭುವನ್ನು ನಡುವಿಟ್ಟುಕೊಂಡು ಶರಣರ ವಚನಗಳನ್ನು ಸಂವಾದರೂಪವಾಗಿ ಜೋಡಿಸಿದ ಈ ಮಹಾಗ್ರಂಥವನ್ನು ಮೊದಲು ಸಂಕಲಿಸಿದವನು ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ. ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಅದನ್ನೇ ಪರಿಷ್ಕರಿಸಿದರು. ಸೊನ್ನಲಿಗೆಯ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆಯಾಯಿತೇ ಇಲ್ಲವೇ ಎಂಬ ಒಂದು ಪ್ರಶ್ನೆಯ ಮೇಲೆಯೇ ಮಹಾದೇವಯ್ಯನ ಪಾಠವೂ ಹಲಗೆಯಾರ್ಯನ ಪಾಠವೂ ಬೇರೆಯಾದವು. ಮೊದಲನೆಯವನಲ್ಲಿ ಇಲ್ಲದ ದೀಕ್ಷಾಪ್ರಸಂಗವನ್ನು ಎರಡನೆಯವನು ಸೇರಿಸಿದನು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಇದೊಂದು ‘ತಿದ್ದುಪಡಿಯ ವ್ಯಾಜ್ಯ’. ಅದು ಬಗೆಹರಿಯಲು ಇನ್ನೊಂದು ಗ್ರಂಥವೇ ಹುಟ್ಟಬೇಕಾಯಿತು. ಹಳೆಯ ಪಾಠವೂ ಹೊಸ ಪಾಠವೂ ಎರಡೂ ಉಳಿದುದರಿಂದ ಪರಿಷ್ಕರಣದ ಕಾರಣವು ಈಗಿನ ಓದುಗನಿಗೂ ಗೋಚರವಾಗುತ್ತದೆ. ಸಂಪಾದನೆ ಎಂಬ ಶಬ್ದಕ್ಕೆ ಗಳಿಕೆ ಮತ್ತು ಪರಿಷ್ಕರಣ ಎಂಬ ಎರಡು ಅರ್ಥಗಳು ಕನ್ನಡದಲ್ಲಿ ಒಟ್ಟಿಗೆ ನೆಲೆಸಿರುವುದು ಒಂದು ಸೊಗಸು.

ವಿದ್ವಚ್ಚರಿತ್ರೆಯ ವಿಷಯದಲ್ಲಿ ಕನ್ನಡದ ಆಧುನಿಕ ಮೂಲಪುರುಷನೆಂದರೆ ‘ಕರ್ಣಾಟಕ ಕವಿಚರಿತೆ’. ಅದರ ಪ್ರಥಮ ಸಂಪುಟವು 1907ರಲ್ಲಿ ಆರ್. ನರಸಿಂಹಾಚಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಕೂಡಿ ಮಾಡಿದ ಪರಿಶ್ರಮದ ಫಲ. ಮುಂದಿನ ಸಂಪುಟಗಳು 1919 ಮತ್ತು 1929ರಲ್ಲಿ ಹೊರಬಂದವು. ಮೊದಲನೆಯ ಸಂಪುಟವು 1924ರಲ್ಲಿ ತಿದ್ದಿದ ರೂಪದಲ್ಲಿ ಮತ್ತೊಮ್ಮೆ ಬೆಳಕು ಕಂಡಿತು. ಹದಿನೇಳು ವರ್ಷಗಳಲ್ಲಿ ಒಂದು ಪರಿಷ್ಕರಣ! ಅಚ್ಚಿನ ಯುಗದ ನಡೆಯೇ ಅಷ್ಟು. ಆಚಾರ್ಯರು 1936ರಲ್ಲಿ ತೀರಿಕೊಂಡರು. ಆದಿಕವಿ ಪಂಪನ ತಮ್ಮ ಜಿನವಲ್ಲಭನು ಬರೆಸಿದ ಕುರಿಕ್ಯಾಲದ ಶಾಸನದ ವಿಷಯವು ಅವರ ಕಾಲಕ್ಕೆ ವಿದ್ವಾಂಸರಿಗೆ ತಿಳಿದಿರಲಿಲ್ಲ. ಕನ್ನಡ, ಸಂಸ್ಕೃತ, ತೆಲುಗು ಮೂರೂ ಭಾಷೆಗಳುಳ್ಳ ಆ ಶಾಸನದಿಂದ ಪಂಪನ ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದೂ, ತಂದೆಗೆ ಭೀಮಪಯ್ಯನೆಂಬ ಹೆಸರಿದ್ದಿತೆಂದೂ ತಿಳಿದುಬಂದಿತು. ಕಾವ್ಯದಲ್ಲಿ ಬಂದ ಅಭಿರಾಮದೇವರಾಯನೆಂಬ ಹೆಸರಿಗೂ ಇದಕ್ಕೂ ಹೊಂದಿಕೆಯನ್ನು ವಿದ್ವಾಂಸರು ಹುಡುಕಬೇಕಾಯಿತು. ಧಾರವಾಡ ಜಿಲ್ಲೆಯ ಅಣ್ಣಿಗೇರಿಗೆ ಆದಿಕವಿಯ ಮಾತೃಕುಲದ ನೆಲೆಯೆಂಬ ಗೌರವವು ಸಂದದ್ದು ಹೀಗೆ. ಆದರೆ ಕವಿಚರಿತೆಯ ಪುಟದಲ್ಲಿ ಅದನ್ನು ಬರೆಯುವ ಕೈ ಆಗ ಇರಲಿಲ್ಲ. ಅಚ್ಚಾದ ಪುಸ್ತಕದ ಅಂಚಿನಲ್ಲಿ ಓದುಗರು ಬರೆದಿಟ್ಟುಕೊಂಡ ಟಿಪ್ಪಣಿಗಳೇ ಅದರ ಮುಂದಿನ ಪರಿಷ್ಕರಣ. ತಿದ್ದುವವರಿಗೆ ಸದಾ ಬಾಗಿಲು ತೆರೆದಿರುವ ಕೋಶದ ಮುಖ್ಯಗುಣವು ಯಾವುದೆಂಬುದು ಇದರಿಂದ ವಿಶದವಾಗುತ್ತದೆ. ದೋಷವೂ ಅದೇ ಬಾಗಿಲಿನಿಂದ ಒಳಬರುತ್ತದೆಯೆಂಬುದನ್ನು ಮುಂದೆ ನೋಡೋಣ.

ಇನ್ನು ಗೋಪಾಲಸ್ವಾಮಿಯವರ ವೃತ್ತಾಂತ. ಭಾರತದಲ್ಲಿ ಪ್ರಯೋಗಾತ್ಮಕ ಮನಃಶಾಸ್ತ್ರಕ್ಕೆ ಪಾಠಕ್ರಮವನ್ನು ಮೊದಲು ರಚಿಸಿದವರು ಕಲ್ಕತ್ತೆಯ ಬ್ರಜೇಂದ್ರನಾಥ ಶೀಲರು. ಅದು 1905ರ ಮಾತು. 1916ರಲ್ಲಿ ಅಲ್ಲಿ ಪ್ರತ್ಯೇಕವಾದ ವಿಭಾಗವು ತೆರೆಯಲ್ಪಟ್ಟು, ಹಾರ್ವರ್ಡಿನಲ್ಲಿ ಮ್ಯೂನ್‌ಸ್ಟರ್‌ಬರ್ಗನ ಬಳಿ ಕಲಿತುಬಂದ ನರೇಂದ್ರನಾಥ ಸೇನಗುಪ್ತರು ಅದರ ಮೊದಲ ಮುಖ್ಯರಾದರು. ಅದೇ ಶೀಲರು ತರುವಾಯ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ ಬಂದರು. ಅವರ ಅಧಿಕಾರಕಾಲದಲ್ಲಿ, 1924ರಲ್ಲಿ, ಮೈಸೂರಿನಲ್ಲಿ ಮನಃಶಾಸ್ತ್ರದ ವಿಭಾಗವು ಆರಂಭವಾಯಿತು. ಕಲ್ಕತ್ತೆಯನ್ನು ಬಿಟ್ಟರೆ ಭಾರತದಲ್ಲಿ ಇದೇ ಮೊದಲನೆಯದು. ಇವೆರಡು ಸಂಗತಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಮೈಸೂರಿನ ವಿಭಾಗವು ಆಕಸ್ಮಿಕವಾಗಿ ಹುಟ್ಟಿದುದಲ್ಲವೆಂದು ತೋರುತ್ತದೆ.

ಆ ವಿಭಾಗಕ್ಕೆ ಮುಖ್ಯರಾದವರು ಗೋಪಾಲಸ್ವಾಮಿಯವರು. ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಎಂಬ ಆಚಾರ್ಯನ ಸಂಪ್ರದಾಯದಲ್ಲಿ ಶಿಕ್ಷಣ ಪಡೆದವರು. ಸ್ಪಿಯರ್‌ಮನ್ನನು 1904ರಲ್ಲಿ ಪ್ರಕಟಿಸಿದ ಸಿದ್ಧಾಂತವನ್ನು ಸ್ಥೂಲವಾಗಿ ಹೀಗೆ ನಿರೂಪಿಸಬಹುದು. ಒಬ್ಬ ವಿದ್ಯಾರ್ಥಿಯು ಗಣಿತ, ಭಾಷೆ, ಸಂಗೀತ ಮುಂತಾದ ಬೇರೆ ಬೇರೆ ವಿಷಯಗಳಲ್ಲಿ ಗಳಿಸುವ ಅಂಕಗಳು ಪರಸ್ಪರ ಸಂಬಂಧವುಳ್ಳವಾಗಿರುತ್ತವೆ; ಈ ಸಂಬಂಧಕ್ಕೆ ಕಾರಣವಾಗಿ ಎಲ್ಲ ಕಾರ್ಯಗಳಲ್ಲಿಯೂ ಅನುಗತವಾದ ಒಂದು ಸಾಮಾನ್ಯಸಾಮರ್ಥ್ಯವೂ, ಆಯಾ ಕಾರ್ಯಕ್ಕೆ ಮಾತ್ರ ಸೇರಿದ ವಿಶೇಷಸಾಮರ್ಥ್ಯಗಳೂ ಇವೆಯೆಂದು ಆತನು ಗಣಿತದ ಬಲದಿಂದ ಸಾಧಿಸಲೆತ್ನಿಸಿದನು. ಸಾಮಾನ್ಯ ವಿಶೇಷಗಳೆಂಬ ಶಬ್ದಗಳು ವೈಶೇಷಿಕ ದರ್ಶನವನ್ನೋದಿದವರಿಗೆ ಪರಿಚಿತವೇ. ಆದರೆ ಕಣಾದನ ಸಾಮಾನ್ಯಕ್ಕೂ ಸ್ಪಿಯರ್‌ಮನ್ನನ ಸಾಮಾನ್ಯಕ್ಕೂ ಶಬ್ದಸಾಮ್ಯವೊಂದರ ಹೊರತು ಬೇರೆ ಸಂಬಂಧವಿಲ್ಲ. ಇದನ್ನು ‘ಬುದ್ಧಿ’ಯೆಂದು ಅನುವಾದಿಸುವಲ್ಲಿಯೂ ಎಚ್ಚರಿಕೆ ಬೇಕು. ಸಾಂಖ್ಯರಿಗೆ ಬುದ್ಧಿಯು ಪ್ರಕೃತಿಯಿಂದ ಹುಟ್ಟಿದ ಒಂದು ತತ್ತ್ವ. ನೈಯಾಯಿಕರಿಗೆ ಅದು ಜ್ಞಾನದ ಪರ್ಯಾಯಶಬ್ದ. ಅಳತೆಗೆ ಸಿಕ್ಕುವ ಶಕ್ತಿಯೆಂಬರ್ಥವು ಇಬ್ಬರಿಗೂ ಇಲ್ಲ. ಕನ್ನಡದಲ್ಲಿ ಮನಃಶಾಸ್ತ್ರಜ್ಞರ ಚರಿತ್ರೆಯನ್ನು ಬರೆಯುವವರು ಇಂತಹ ಶಬ್ದಗಳನ್ನು ಹತ್ತು ಜನ ಹತ್ತು ರೀತಿಯಾಗಿ ಪ್ರಯೋಗಿಸಿದರೆ ಲೇಖನವು ಓದುಗನಿಗೆ ದುರ್ಬೋಧವಾಗುವುದು. 2009ರ ಬಳಿಕ ಕೆಲವು ವರ್ಷ ಯಂತ್ರದ ನೆರವಿನಿಂದ ಆಂಗ್ಲದಿಂದ ಕನ್ನಡಕ್ಕೆ ಅನುವಾದಗೊಂಡು ಕನ್ನಡ ವಿಕಿಪೀಡಿಯವನ್ನು ಸೇರಿದ ಉದ್ದುದ್ದದ ಲೇಖನಗಳನ್ನು ಓದಿದವರಿಗೆ ಈ ಮಾತಿನ ಸತ್ಯವು ತಾನಾಗಿಯೇ ಮನದಟ್ಟಾಗುತ್ತದೆ.

ಪಾಶ್ಚಾತ್ಯ ಪರೀಕ್ಷೆಗಳನ್ನು ಭಾರತೀಯರಿಗೆ ಹೊಂದುವಂತೆ ಮಾರ್ಪಡಿಸಿದುದು, ಪ್ರಾಣಿಗಳ ವರ್ತನೆಯನ್ನು ಪರೀಕ್ಷಿಸುವ ಪ್ರಯೋಗಶಾಲೆಯನ್ನು ಭಾರತದಲ್ಲಿಯೇ ಮೊದಲು ಸ್ಥಾಪಿಸಿದುದು, ಇವೆರಡೂ ಈ ದೇಶದ ಮನಃಶಾಸ್ತ್ರದ ಇತಿಹಾಸವನ್ನು ಬರೆದವರು ಗೋಪಾಲಸ್ವಾಮಿಯವರ ಹೆಸರಿನೊಡನೆ ಹೇಳುವ ಕಾರ್ಯಗಳು. ಒಬ್ಬ ಶಾಸ್ತ್ರಜ್ಞನ ಕೀರ್ತಿಗೆ ಇಷ್ಟು ಸಾಕು. ಆದರೆ ಇಂದು ಕನ್ನಡನಾಡಿನಲ್ಲಿ ಗೋಪಾಲಸ್ವಾಮಿಯವರ ಹೆಸರು ಕೇಳಿಬರುವುದು ಈ ಪ್ರಸಂಗದಲ್ಲಿ ಅಲ್ಲ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ‘ವಿಠ್ಠಲ ವಿಹಾರ’ವೆಂಬ ಮನೆಯಲ್ಲಿ 30 ವಾಟ್ ಶಕ್ತಿಯ ಸಣ್ಣದೊಂದು ಪ್ರಸಾರಯಂತ್ರವನ್ನಿಟ್ಟು ಅವರು ಬಾನುಲಿಯನ್ನು ಆರಂಭಿಸಿದರು, ಆ ಬಾನುಲಿಗೆ ‘ಆಕಾಶವಾಣಿ’ಯೆಂಬ ಹೆಸರಾಯಿತು. 1942ರಲ್ಲಿ ಮೈಸೂರು ಸರ್ಕಾರವು ಅದನ್ನು ವಹಿಸಿಕೊಂಡಿತು. 1950ರಲ್ಲಿ ಅದು ಅಖಿಲ ಭಾರತ ಬಾನುಲಿಯ ಅಧೀನಕ್ಕೆ ಸೇರಿತು. 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. 1957ರಲ್ಲಿ ಅಖಿಲ ಭಾರತ ಬಾನುಲಿಗೇ ಆಕಾಶವಾಣಿಯೆಂಬ ಹೆಸರು ಬಂದಿತು. ಪತ್ರಿಕೆಗಳು ವರ್ಷಂಪ್ರತಿ ಸ್ಮರಿಸುವುದು ಈ ಕಥೆಯನ್ನು.

ವಿಶ್ವಕೋಶದ ಬಹುಕರ್ತೃಕ ಲೇಖನಕ್ಕೆ ಇಲ್ಲಿ ಮೊದಲನೆಯ ಸಂಕಟವು ಒದಗುತ್ತದೆ. ವಿಕಿಪೀಡಿಯದ ಮುಖ್ಯನಿಯಮಗಳು ಮೂರು. ಪಕ್ಷಪಾತವಿಲ್ಲದ ನಿರೂಪಣೆಯಿರಬೇಕು, ಪ್ರತಿಯೊಂದು ಸಂಗತಿಗೂ ಪ್ರಕಟಿತವಾದ ಆಧಾರವನ್ನು ತೋರಿಸಬೇಕು, ಲೇಖಕನ ಸ್ವಂತ ಸಂಶೋಧನೆಗೆ ಅಲ್ಲಿ ಎಡೆಯಿಲ್ಲ. ಸಂಸ್ಕೃತವ್ಯಾಖ್ಯಾನಗಳ ಪರಿಚಯವುಳ್ಳವರಿಗೆ ಇದು ಅಪೂರ್ವವಾಗಿ ತೋರದು. ಮೂಲವಿಲ್ಲದುದನ್ನು ಬರೆಯುವುದಿಲ್ಲ, ಅಪೇಕ್ಷಿತವಲ್ಲದುದನ್ನು ಹೇಳುವುದಿಲ್ಲವೆಂದು ಮಲ್ಲಿನಾಥನು ತನ್ನ ವ್ಯಾಖ್ಯಾನಗಳ ಆರಂಭದಲ್ಲಿಯೇ ಪ್ರತಿಜ್ಞೆ ಮಾಡಿರುವನಷ್ಟೆ. ಆದರೆ ಮಲ್ಲಿನಾಥನಿಗೆ ಮೂಲವೆಂದರೆ ಕಾಳಿದಾಸನ ಶ್ಲೋಕ. ಅದು ಕಣ್ಣ ಮುಂದೆಯೇ ಇತ್ತು. ಜೀವನಚರಿತ್ರೆಯ ಮೂಲವಾದರೋ ಎಲ್ಲಿ ಹೇರಳವಾಗಿ ಅಚ್ಚಾಗಿದೆಯೋ ಅಲ್ಲಿಂದಲೇ ಬರುತ್ತದೆ. ಬಾನುಲಿಯ ಕಥೆಯು ದಿನಪತ್ರಿಕೆಗಳಲ್ಲಿದೆ. ಪ್ರಯೋಗಶಾಲೆಯ ಕಥೆಯು ವಿಶ್ವವಿದ್ಯಾನಿಲಯದ ವಾರ್ಷಿಕ ವರದಿಗಳಲ್ಲಿಯೂ ಹಳೆಯ ಶಾಸ್ತ್ರೀಯ ಪತ್ರಿಕೆಗಳಲ್ಲಿಯೂ ಹುದುಗಿದೆ. ಮೊದಲನೆಯದು ಬೆರಳ ತುದಿಗೆ ಸಿಕ್ಕುತ್ತದೆ; ಎರಡನೆಯದಕ್ಕೆ ಪುಸ್ತಕಭಂಡಾರಕ್ಕೆ ಹೋಗಿ ಧೂಳನ್ನು ಕೊಡವಬೇಕು. ನಿಯಮವನ್ನು ಯಾರೂ ಮುರಿಯದೆಯೇ, ಎಲ್ಲರೂ ಆಧಾರಸಹಿತವಾಗಿಯೇ ಬರೆಯುತ್ತಿದ್ದರೂ, ಮನಃಶಾಸ್ತ್ರಜ್ಞನು ಹಿಂದೆ ಸರಿದು ಬಾನುಲಿಯ ಹವ್ಯಾಸಿಯು ಮುಂದೆ ನಿಲ್ಲುತ್ತಾನೆ. ಇದು ಸುಳ್ಳಲ್ಲ, ಆದರೆ ಅನುಪಾತವು ಕೆಟ್ಟ ಸತ್ಯ. ಚಿತ್ರದಲ್ಲಿ ಮೂಗನ್ನು ಸರಿಯಾಗಿ ಬರೆದು ಮುಖಕ್ಕಿಂತ ದೊಡ್ಡದಾಗಿ ಬರೆದಂತೆ.

ಎರಡನೆಯ ಸಂಕಟವು ಹೆಸರಿನದು. ಆಕಾಶವಾಣಿಯೆಂಬ ಹೆಸರನ್ನು ಕೊಟ್ಟವರು ಯಾರು? ಗೋಪಾಲಸ್ವಾಮಿಯವರೆಂದು ಕೆಲವರು ಬರೆಯುತ್ತಾರೆ. ಆ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಚರಿತ್ರೆಯ ಅಧ್ಯಾಪಕರಾಗಿದ್ದ ನಾ. ಕಸ್ತೂರಿಯವರೆಂಬ ಮಾತು ಕನ್ನಡಿಗರಲ್ಲಿ ಅಷ್ಟೇ ಪ್ರಸಿದ್ಧವಾಗಿದೆ. ‘ಅನರ್ಥಕೋಶ’ವೆಂಬ ವಿನೋದಕೋಶವನ್ನು ರಚಿಸಿ ಶಬ್ದಗಳನ್ನು ತಲೆಕೆಳಗು ಮಾಡಿ ನಗಿಸಿದ ಕಸ್ತೂರಿಯವರಿಗೆ ಇಂತಹ ಹೆಸರೊಂದು ಹೊಳೆದಿದ್ದರೆ ಆಶ್ಚರ್ಯವೇನೂ ಇಲ್ಲ. ಇವೆರಡರ ಜೊತೆಗೆ 1938ರಲ್ಲಿ ಕಲ್ಕತ್ತೆಯ ಕಿರುತರಂಗ ಪ್ರಸಾರಕ್ಕಾಗಿ ರವೀಂದ್ರನಾಥ ಠಾಕೂರರು ರಚಿಸಿದ ಕವಿತೆಯನ್ನು ತೋರಿಸಿ, ಅಖಿಲ ಭಾರತ ಬಾನುಲಿಗೆ ಹೆಸರು ಬಂದುದು ಅದರಿಂದಲೇ ಎನ್ನುವ ಪಕ್ಷವೂ ಒಂದುಂಟು. ವರ್ಷದಲ್ಲಿಯೂ ಏಕವಾಕ್ಯತೆಯಿಲ್ಲ: ಮೈಸೂರಿನ ಪ್ರಸಾರವು ಆರಂಭವಾದುದು 1935ರಲ್ಲಿಯೆಂದು ಕೆಲವೆಡೆಯೂ, 1936ರಲ್ಲಿಯೆಂದು ಮತ್ತೆ ಕೆಲವೆಡೆಯೂ ಬರೆದಿದೆ. ಹೀಗಿರಲು ಹಲವು ಕೈಗಳು ಬರೆಯುವ ಲೇಖನದಲ್ಲಿ ಇಂದು ಒಬ್ಬನು ಒಂದು ಹೆಸರನ್ನು ಬರೆಯುವುದೂ, ನಾಳೆ ಮತ್ತೊಬ್ಬನು ಅದನ್ನು ಅಳಿಸಿ ಇನ್ನೊಂದನ್ನು ಬರೆಯುವುದೂ ಸಂಭವಿಸತಕ್ಕದ್ದೇ.

ಇಂತಹ ವಿವಾದವನ್ನು ಬಗೆಹರಿಸುವುದಕ್ಕೆ ಮೊದಲು ಶಬ್ದಸೃಷ್ಟಿ, ಶಬ್ದಸೂಚನೆ, ಶಬ್ದಪ್ರಯೋಗ ಎಂಬ ಮೂರನ್ನು ಬೇರ್ಪಡಿಸಬೇಕು. ಆಕಾಶದಿಂದ ಕೇಳಿಬಂದ ಅಶರೀರವಾಣಿಯು ಪುರಾಣೇತಿಹಾಸಗಳಲ್ಲಿ ಪದೇ ಪದೇ ಬರುತ್ತದೆ; ಕಂಸನಿಗೆ ಅಷ್ಟಮಗರ್ಭದ ಭಯವನ್ನು ಹುಟ್ಟಿಸಿದುದೂ ಅದೇ. ಆದುದರಿಂದ ಸೃಷ್ಟಿಯ ಕೀರ್ತಿಯು ಗೋಪಾಲಸ್ವಾಮಿಯವರಿಗಾಗಲಿ, ಕಸ್ತೂರಿಯವರಿಗಾಗಲಿ, ಠಾಕೂರರಿಗಾಗಲಿ ಸಲ್ಲದು. ಅವರಾರೂ ಅದನ್ನು ಬೇಡಿದವರೂ ಅಲ್ಲ. ಉಳಿದುದು ಸೂಚನೆ ಮತ್ತು ಪ್ರಯೋಗ. ಮಿತ್ರನು ಸೂಚಿಸಿದ ಹೆಸರನ್ನು ಯಜಮಾನನು ತನ್ನ ಸಂಸ್ಥೆಗೆ ಇಟ್ಟನೆಂದರೆ ಇಬ್ಬರ ಹೇಳಿಕೆಗಳಲ್ಲಿಯೂ ವಿರೋಧವಿಲ್ಲ. ‘ಹೆಸರು ಕೊಟ್ಟವರು’ ಎಂಬ ಕನ್ನಡದ ನುಡಿಯು ಎರಡೂ ಅರ್ಥಗಳನ್ನು ಹೊರುತ್ತಿರುವುದರಿಂದಲೇ ಜಗಳವು ಹುಟ್ಟಿತು. ಠಾಕೂರರ ಕವಿತೆಯಾದರೋ ಮೈಸೂರಿನ ಪ್ರಸಾರಕ್ಕೆ ಮೂರು ವರ್ಷ ಈಚಿನದು. ಅದು ದೆಹಲಿಯ 1957ರ ನಿರ್ಣಯಕ್ಕೆ ಪ್ರೇರಕವಾಗಿರಬಹುದೇ ಹೊರತು ಮೈಸೂರಿನ ಹೆಸರಿಗೆ ಕಾರಣವಾಗಲಾರದು. (ಪ್ರಸಂಗವಶಾತ್ ಒಂದು ಮಾತು: ರೂಪಕಗಳ ಲಕ್ಷಣಗ್ರಂಥಗಳಲ್ಲಿ ‘ಆಕಾಶಭಾಷಿತ’ವೆಂಬ ಪರಿಭಾಷೆಯಿದೆ. ರಂಗದ ಮೇಲಿರುವ ಪಾತ್ರವು ಎದುರಿಗಿಲ್ಲದ ಮತ್ತೊಬ್ಬನೊಡನೆ, ಅವನ ಮಾತು ಕೇಳಿಸಿದಂತೆ ನಟಿಸುತ್ತ, ಮಾತನಾಡುವುದಕ್ಕೆ ಆ ಹೆಸರು. ಬಾಗಿಲು ಮುಚ್ಚಿದ ಕೊಠಡಿಯಲ್ಲಿ ಕುಳಿತು ಕಾಣದ ಶ್ರೋತೃಗಳನ್ನು ಸಂಬೋಧಿಸುವ ಬಾನುಲಿಯ ಭಾಷಣಕಾರನಿಗೆ ಈ ಶಬ್ದವು ಇನ್ನೂ ಚೆನ್ನಾಗಿ ಒಪ್ಪುತ್ತಿದ್ದಿತು. ಆದರೆ ಲೋಕವು ವಾಣಿಯನ್ನೇ ಆರಿಸಿಕೊಂಡಿತು.)

ನ್ಯಾಯಶಾಸ್ತ್ರದ ಪರಿಭಾಷೆಯೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೀಗೆಂದು ಹಿರಿಯರು ಹೇಳುತ್ತಾರೆ ಎಂದು ಮೂಲವಕ್ತೃವಿನ ನಿರ್ದೇಶವಿಲ್ಲದೆ ಪರಂಪರೆಯಿಂದ ಬಂದ ಮಾತಿಗೆ ಐತಿಹ್ಯವೆಂದು ಹೆಸರು. ಗೌತಮನು ಇದನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪದೆ ಶಬ್ದಪ್ರಮಾಣದಲ್ಲಿಯೇ ಅಡಗಿಸಿದನು. ಅಂದರೆ ಹೇಳಿದವನು ಆಪ್ತನಾಗಿದ್ದರೆ ಮಾತ್ರ ಅದಕ್ಕೆ ಬೆಲೆ. ವಿಕಿಪೀಡಿಯದಲ್ಲಿ ಆಧಾರವಿಲ್ಲದ ವಾಕ್ಯದ ಬಳಿ ‘ಉಲ್ಲೇಖ ಬೇಕು’ ಎಂಬ ಗುರುತನ್ನು ಹಚ್ಚುವುದು ಐತಿಹ್ಯವನ್ನು ಶಬ್ದವಾಗಿಸೆಂದು ಕೇಳುವ ಕ್ರಮವೇ ಸರಿ. ಆದರೆ ಹತ್ತು ಪತ್ರಿಕೆಗಳು ಒಂದನ್ನೊಂದು ನೋಡಿ ಬರೆದಿದ್ದರೆ ಅವು ಹತ್ತು ಸಾಕ್ಷಿಗಳಾಗುವುದಿಲ್ಲ. ಪುಣೆಯ ಭಾಂಡಾರಕರ ಸಂಸ್ಥೆಯಲ್ಲಿ 1919ರಿಂದ 1966ರವರೆಗೆ ನಡೆದ ಮಹಾಭಾರತದ ಸಂಶೋಧಿತ ಆವೃತ್ತಿಯ ಕಾರ್ಯದಲ್ಲಿ ಸುಖಠಣಕರರೂ ಅವರ ಸಂಗಡಿಗರೂ ಹಸ್ತಪ್ರತಿಗಳನ್ನು ಎಣಿಸಲಿಲ್ಲ; ತೂಗಿದರು. ಒಂದೇ ಮಾತೃಕೆಯಿಂದ ಇಳಿದ ಪ್ರತಿಗಳಿಗೆ ಒಂದೇ ಸಾಕ್ಷಿಯ ಬೆಲೆ ಕಟ್ಟಿದರು. 1935, 1936ರ ವಿವಾದದಲ್ಲಿಯೂ ಮಾಡಬೇಕಾದುದು ಇದನ್ನೇ. ತಿಂಗಳು ದಿನಗಳನ್ನು ಹೇಳುವ ಪಾಠವು ಬರಿಯ ವರ್ಷವನ್ನು ಹೇಳುವ ಪಾಠಕ್ಕಿಂತ ಬಲವತ್ತರವೆಂದು ಭಾವಿಸಿ ಮೇಲೆ 1935ನ್ನು ಸ್ವೀಕರಿಸಿದೆ. ಇನ್ನೊಂದನ್ನು ಪಾಠಾಂತರವಾಗಿ ಲೇಖನದಲ್ಲಿ ಉಳಿಸುವುದೇ ನ್ಯಾಯ.

ಪಾಠಾಂತರವನ್ನು ಉಳಿಸುವುದಕ್ಕೆ ಬಹುಕರ್ತೃಕ ಕೋಶದಲ್ಲಿ ಎರಡು ಸ್ಥಾನಗಳಿವೆ: ತಿದ್ದುಪಡಿಗಳ ಇತಿಹಾಸವೊಂದು, ಚರ್ಚಾಪುಟವೊಂದು. ಚರ್ಚಾಪುಟವು ಪೂರ್ವಪಕ್ಷ ಸಿದ್ಧಾಂತಗಳ ರಂಗ. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಸಿದ್ಧಾಂತಿಯೇ ಬರೆಯುವನು; ಎದುರಾಳಿಯ ಬಾಯಿಗೆ ತನಗೆ ಅನುಕೂಲವಾದ ಮಾತನ್ನೇ ತುರುಕುವ ಚಪಲವೂ ಕೆಲವರಲ್ಲಿ ಕಾಣಬರುತ್ತದೆ. ಇಲ್ಲಿ ಪೂರ್ವಪಕ್ಷಿಯು ಜೀವಂತವಾಗಿ ಎದುರು ನಿಂತು ತನ್ನ ಮಾತನ್ನು ತಾನೇ ಆಡುತ್ತಾನೆ. ಇದು ದೊಡ್ಡ ಲಾಭ. ಶಿಷ್ಯನು ಗುರುವಿನ ಚರಿತ್ರೆಯನ್ನೂ, ಮಗನು ತಂದೆಯದನ್ನೂ, ಯಾರಾದರೂ ತಮ್ಮದನ್ನು ತಾವೇ ಬರೆಯುವುದನ್ನೂ ಈ ಕೋಶದ ಸಂಪ್ರದಾಯವು ಒಪ್ಪುವುದಿಲ್ಲ. ತಮಗೆ ತಿಳಿದುದನ್ನು ಅವರು ಚರ್ಚಾಪುಟದಲ್ಲಿ ತಿಳಿಸಿ ಬೇರೆಯವರ ಕೈಗೆ ಬಿಡಬೇಕು. ಗುರುಸ್ತುತಿಯನ್ನು ಕರ್ತವ್ಯವೆಂದು ಕಲಿತು ಬಂದ ಪರಂಪರೆಯವರಿಗೆ ಇದು ಸ್ವಲ್ಪ ಕಹಿಯಾಗಿಯೇ ತೋರೀತು. ಆದರೆ ಸ್ತುತಿಗೆ ಮಂಗಳಶ್ಲೋಕವೆಂಬ ಸ್ಥಾನವು ಬೇರೆಯಾಗಿಯೇ ಇದೆ. ಕೋಶದ ವಾಕ್ಯವು ಅದಲ್ಲ.

ಮನಃಶಾಸ್ತ್ರಜ್ಞರ ಚರಿತ್ರೆಯಲ್ಲಿ ಈ ಎಚ್ಚರವು ಏತಕ್ಕೆ ಹೆಚ್ಚಾಗಿ ಬೇಕೆಂಬುದಕ್ಕೆ ಸ್ಪಿಯರ್‌ಮನ್ನನ ಪೀಠದಲ್ಲಿಯೇ ಒಂದು ದೃಷ್ಟಾಂತವಿದೆ. ಲಂಡನ್ನಿನಲ್ಲಿ ಅವನ ಉತ್ತರಾಧಿಕಾರಿಯಾದವನು ಸಿರಿಲ್ ಬರ್ಟ್. ಅವಳಿಮಕ್ಕಳ ಅಧ್ಯಯನದಿಂದ ಬುದ್ಧಿಶಕ್ತಿಯು ಬಹುಮಟ್ಟಿಗೆ ಆನುವಂಶಿಕವೆಂದು ವಾದಿಸಿದ ಈತನು 1971ರಲ್ಲಿ ತೀರಿಕೊಂಡಾಗ ಎಲ್ಲೆಡೆಯೂ ಗೌರವವೇ ವ್ಯಕ್ತವಾಯಿತು. 1974ರಲ್ಲಿ ಅಮೆರಿಕೆಯ ಲಿಯೊನ್ ಕಾಮಿನ್ ಆತನ ಅಂಕಿಗಳಲ್ಲಿ ಅಸಂಭವವಾದ ಸಾಮ್ಯವನ್ನು ಎತ್ತಿ ತೋರಿಸಿದನು. 1976ರಲ್ಲಿ ಪತ್ರಿಕೆಗಳಲ್ಲಿ ಬಹಿರಂಗವಾದ ಆರೋಪವು ಹೊರಟಿತು. ಬರ್ಟನ ಅಂತ್ಯಸ್ಮರಣೆಯ ಭಾಷಣವನ್ನು ಮಾಡಿದ್ದ, ಆತನ ಸೋದರಿಯ ಕೋರಿಕೆಯಂತೆ ಜೀವನಚರಿತ್ರೆಗೆ ಕೈಹಾಕಿದ್ದ ಹರ್ನ್‌ಷಾ ಎಂಬ ವಿದ್ವಾಂಸನು ದಿನಚರಿ, ಪತ್ರಗಳನ್ನೆಲ್ಲ ಪರಿಶೀಲಿಸಿ 1979ರ ತನ್ನ ಗ್ರಂಥದಲ್ಲಿ ಆರೋಪವು ಮುಖ್ಯಾಂಶಗಳಲ್ಲಿ ನಿಜವೆಂದೇ ಬರೆಯಬೇಕಾಯಿತು. ಅಭಿಮಾನಿಯಾಗಿ ಆರಂಭಿಸಿ ಹೀಗೆ ಮುಗಿಸಿದ ಆತನ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಕಥೆಯು ಅಲ್ಲಿಗೂ ನಿಲ್ಲಲಿಲ್ಲ. 1989ರಲ್ಲಿ ಜಾಯ್ನ್‌ಸನ್ನನೂ 1991ರಲ್ಲಿ ಫ್ಲೆಚರನೂ ಬರ್ಟನ ಪರವಾಗಿ ಗ್ರಂಥಗಳನ್ನು ಬರೆದು ಹರ್ನ್‌ಷಾನ ನಿರ್ಣಯವನ್ನು ಪ್ರಶ್ನಿಸಿದರು. 1971ರಲ್ಲಿ ಅಚ್ಚಾದ ಕೋಶ, 1980ರಲ್ಲಿ ಅಚ್ಚಾದ ಕೋಶ, 1992ರಲ್ಲಿ ಅಚ್ಚಾದ ಕೋಶ ಈ ಮೂರರಲ್ಲಿ ಮೂರು ಬರ್ಟರು ಇರುತ್ತಾರೆ. ಮೂವರನ್ನೂ ಒಂದೇ ಲೇಖನದಲ್ಲಿ ಕಾಲಾನುಕ್ರಮವಾಗಿ ನಿಲ್ಲಿಸುವ ಶಕ್ತಿಯು ಸದಾ ತಿದ್ದಲ್ಪಡುವ ಕೋಶಕ್ಕೆ ಮಾತ್ರವಿದೆ.

ಇದರ ಮತ್ತೊಂದು ಮುಖವನ್ನು ಮರೆಮಾಚಬಾರದು. 2005ರಲ್ಲಿ ಅಮೆರಿಕೆಯ ಪತ್ರಕರ್ತ ಜಾನ್ ಸೈಗೆಂಥಾಲರ್ ಎಂಬವರ ಚರಿತ್ರೆಯೊಳಗೆ, ಕೆನೆಡಿ ಸೋದರರ ಹತ್ಯೆಯಲ್ಲಿ ಅವರ ಕೈವಾಡದ ಶಂಕೆಯಿದ್ದಿತೆಂಬ ಶುದ್ಧ ಸುಳ್ಳನ್ನು ಒಬ್ಬನು ವಿನೋದಕ್ಕಾಗಿ ಬರೆದನು; ಅದು ನಾಲ್ಕು ತಿಂಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಬದುಕಿರುವವರ ಚರಿತ್ರೆಯ ವಿಷಯದಲ್ಲಿ ಆಧಾರವಿಲ್ಲದ ದೂಷಣೆಯನ್ನು ಚರ್ಚೆಗೂ ಕಾಯದೆ ಅಳಿಸಬೇಕೆಂಬ ಕಟ್ಟುನಿಟ್ಟು ಇದರ ಬಳಿಕ ಬಲವಾಯಿತು. ಹಲವು ಕೈಗಳು ಇರುವುದೂ ಹಲವು ಕಣ್ಣುಗಳು ಇರುವುದೂ ಒಂದೇ ಅಲ್ಲ. ಆಂಗ್ಲದಲ್ಲಿಯೇ ಹೀಗಾದ ಮೇಲೆ, ತಿದ್ದುವವರ ಸಂಖ್ಯೆಯು ಬಹು ಕಡಮೆಯಿರುವ ಕನ್ನಡದಲ್ಲಿ ಒಂದು ತಪ್ಪು ವರ್ಷಗಟ್ಟಲೆ ಹಾಗೆಯೇ ನಿಂತರೆ ಆಶ್ಚರ್ಯವಿಲ್ಲ. ಶಾಸ್ತ್ರಜ್ಞರೇ ಈ ಹೊಣೆಯನ್ನು ಹೊರಬೇಕೆಂದು 2011ರಲ್ಲಿ ಅಸೋಸಿಯೇಷನ್ ಫಾರ್ ಸೈಕಲಾಜಿಕಲ್ ಸೈನ್ಸ್ ಎಂಬ ಸಂಘದ ಅಧ್ಯಕ್ಷೆಯಾಗಿದ್ದ ಮಹ್‌ಜರೀನ್ ಬಾನಾಜಿಯವರು ತಮ್ಮ ಸಂಘದವರಿಗೆ ಕರೆಕೊಟ್ಟರು. ಭಾರತದಲ್ಲಿಯೇ ಹುಟ್ಟಿ ಬೆಳೆದ ಈ ವಿದುಷಿಯ ಕರೆಯಂತೆ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಪ್ರಬಂಧದ ಬದಲಾಗಿ ವಿಶ್ವಕೋಶದ ಲೇಖನಗಳನ್ನು ತಿದ್ದುವ ಕೆಲಸವನ್ನು ಕೊಡತೊಡಗಿದರು. ಕನ್ನಡದ ಕಾಲೇಜುಗಳಲ್ಲಿ ಇದು ಅಸಾಧ್ಯವಾದ ಕಾರ್ಯವೇನಲ್ಲ.

ಕನ್ನಡದಲ್ಲಿ ಇದಕ್ಕೆ ತಕ್ಕ ಮೂಲಸಾಮಗ್ರಿಯೂ ಒದಗಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶವು 1969ರಲ್ಲಿ ಮೊದಲ ಸಂಪುಟದಿಂದ ಆರಂಭವಾಗಿ ಹದಿನಾಲ್ಕು ಸಂಪುಟಗಳಲ್ಲಿ ಮುಗಿಯಿತು. 2014ರಲ್ಲಿ ವಿಶ್ವವಿದ್ಯಾನಿಲಯವು ಅದರ ಸಂಪುಟಗಳನ್ನು ಮುಕ್ತ ಪರವಾನಿಗೆಯಲ್ಲಿ ಲೋಕಕ್ಕೆ ಬಿಟ್ಟುಕೊಟ್ಟಿತು. ಅಲ್ಲಿನ ಬರೆಹಗಳು ವಿಕಿಪೀಡಿಯಕ್ಕೂ ಅದರ ಸೋದರಕೋಶವಾದ ವಿಕಿಸೋರ್ಸಿಗೂ ಹರಿದುಬಂದವು. ಈ ಔದಾರ್ಯವು ಸ್ತುತ್ಯ. ಆದರೆ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ಕೋಶದಲ್ಲಿ ಲೇಖನದ ಕೊನೆಗೆ ಲೇಖಕರ ಹೆಸರಿನ ಮೊದಲಕ್ಷರಗಳು ಇರುತ್ತಿದ್ದವು. ಓದುಗನಿಗೆ ಆಪ್ತವಕ್ತೃವು ಯಾರೆಂಬುದು ತಿಳಿಯುತ್ತಿದ್ದಿತು. ಹರಿದುಬಂದ ಬರೆಹವನ್ನು ಹತ್ತಾರು ಕೈಗಳು ತಿದ್ದಿದ ಮೇಲೆ ಆ ಅಕ್ಷರಗಳನ್ನು ಇಟ್ಟರೆ ಲೇಖಕನು ಬರೆಯದುದನ್ನು ಅವನ ತಲೆಗೆ ಕಟ್ಟಿದಂತಾಗುವುದು, ತೆಗೆದರೆ ಬರೆದುದರ ಋಣವನ್ನು ಮರೆತಂತಾಗುವುದು. ಹಳೆಯ ಪಾಠವನ್ನು ವಿಕಿಸೋರ್ಸಿನಲ್ಲಿ ಯಥಾವತ್ತಾಗಿ ಕಾದಿಟ್ಟು, ಪರಿಷ್ಕೃತ ಪಾಠದಿಂದ ಅದಕ್ಕೆ ಉಲ್ಲೇಖವನ್ನು ಕೊಡುವುದೇ ಸರಿಯಾದ ದಾರಿಯೆಂದು ತೋರುತ್ತದೆ.

ವರ್ಗೀಕರಣದ ತೊಡಕೂ ಒಂದಿದೆ. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯಸಂಸ್ಥೆಯಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, 1962ರಲ್ಲಿ ಭಾರತೀಯ ಮನಃಶಾಸ್ತ್ರೀಯ ಚಿಂತನೆಯ ಬೆಳವಣಿಗೆಯನ್ನು ಕುರಿತ ಗ್ರಂಥವನ್ನು ಆಂಗ್ಲದಲ್ಲಿ ಪ್ರಕಟಿಸಿದ ಸಾ. ಕೃ. ರಾಮಚಂದ್ರರಾಯರು ಮುಂದೆ ಹನ್ನೆರಡು ಸಂಪುಟಗಳ ಆಗಮಕೋಶವನ್ನು ರಚಿಸಿ 2006ರಲ್ಲಿ ದಿವಂಗತರಾದರು. ಮನಃಶಾಸ್ತ್ರಜ್ಞರು ಅವರನ್ನು ಆಗಮಪಂಡಿತರೆಂದೂ, ಆಗಮಿಕರು ಮನಃಶಾಸ್ತ್ರಜ್ಞರೆಂದೂ ಕರೆದು ಎರಡು ಕಡೆಯವರೂ ಅವರನ್ನು ಪರಸ್ಪರ ಬಿಟ್ಟುಕೊಡುವ ಸಂಭವವುಂಟು. ವಿಶ್ವಕೋಶದ ಲೇಖನಕ್ಕೆ ಅಡಿಯಲ್ಲಿ ಎಷ್ಟು ವರ್ಗಗಳನ್ನಾದರೂ ಹಚ್ಚಬಹುದಾದುದರಿಂದ ಇಂತಹವರಿಗೆ ಅಲ್ಲಿ ಅನ್ಯಾಯವಾಗುವುದು ಕಡಮೆ.

ಕಡೆಯದಾಗಿ, ಗೋಪಾಲಸ್ವಾಮಿಯವರಿಗೆ ವಿಲೋಮವಾದ ಒಂದು ನಿದರ್ಶನವು ಮುಂಬಯಿ ಕರ್ನಾಟಕದಲ್ಲಿದೆ. ಫ್ರಾನ್ಸಿನ ಬಿನೆಯು ಮಕ್ಕಳ ಬುದ್ಧಿಶಕ್ತಿಯನ್ನಳೆಯಲು ರಚಿಸಿದ ಪರೀಕ್ಷಾಮಾಲೆಯನ್ನು ಕನ್ನಡ ಮತ್ತು ಮರಾಠೀ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿದವರು ವಿ. ವಿ. ಕಾಮತರು. ಅವರ ಪರಿಷ್ಕರಣದ ವಿವರವು 1934ರಲ್ಲಿ ಬ್ರಿಟಿಷ್ ಶಿಕ್ಷಣಮನಃಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಗ್ರಂಥವು 1940ರಲ್ಲಿ ಹೊರಬಂದಿತು. ‘ಬಿನೆ-ಕಾಮತ್ ಪರೀಕ್ಷೆ’ಯೆಂಬ ಹೆಸರು ದೇಶದ ಚಿಕಿತ್ಸಾಲಯಗಳಲ್ಲಿ ತಲೆಮಾರುಗಳ ಕಾಲ ಬಳಕೆಯಲ್ಲಿದೆ. ಅಲ್ಲಿ ಮನುಷ್ಯನ ಹೆಸರು ಬಾನುಲಿಯ ಬೆಳಕಿನಲ್ಲಿ ಉಳಿದು ಶಾಸ್ತ್ರವು ಮರೆಯಾಯಿತು. ಇಲ್ಲಿ ಶಾಸ್ತ್ರವು ಉಳಿದು ಮನುಷ್ಯನೇ ಒಂದು ಗೆರೆಯ ಆಚೆಗಿನ ಎರಡಕ್ಷರವಾಗಿ ಬಿಟ್ಟನು. ಈ ಪರೀಕ್ಷೆಯು ಯಾವ ಪ್ರಾಂತದ ಭಾಷೆಗೆ ಹೊಂದುವಂತೆ ಮಾಡಲ್ಪಟ್ಟಿತೋ ಆ ಪ್ರಾಂತದಲ್ಲಿಯೇ ಧಾರವಾಡ, ನವಲಗುಂದ, ಕುಂದಗೋಳ, ಕಲಘಟಗಿಗಳಿವೆ. ಮಿಶ್ರಿಕೋಟಿಯಂತಹ ಗ್ರಾಮದ ಶಾಲೆಯ ಮಕ್ಕಳು ಆಡುವ ಕನ್ನಡವೂ ಅದೇ. ಕಾಮತರ ಚರಿತ್ರೆಯನ್ನು ಬರೆಯಹೊರಡುವವರು ಹಳೆಯ ಮುಂಬಯಿ ಪ್ರಾಂತದ ವಿದ್ಯಾಖಾತೆಯ ವರದಿಗಳಿಂದಲೂ, ಧಾರವಾಡದ ಪುಸ್ತಕಭಂಡಾರಗಳಲ್ಲಿ ಉಳಿದಿರುವ ಆ ಕಾಲದ ಶಿಕ್ಷಣಪತ್ರಿಕೆಗಳಿಂದಲೂ ಆರಂಭಿಸುವುದು ಯೋಗ್ಯ.